ಹಲ್ಲು ಕಾಣುವ ಫೋಟೊ

ಹಲ್ಲಿನ ಸೆಟ್ ಮಾಡಿಸಿಕೊಳ್ಳಲು ಬರುವವರನ್ನು ನಾವು ಮೊದಲು ಕೇಳುವುದು ಒಂದು ಫೋಟೊ. ಅದೂ ಎಂಥ ಫೋಟೊ? ಹಳೆಯದು, ವಯಸ್ಸಿನಲ್ಲಿ ತೆಗೆದದ್ದು, ಬಾಯಿ ತುಂಬ ನಗುತ್ತಿರುವುದು. ಸ್ಟುಡಿಯೋದಲ್ಲಿ ತುಟಿ ಬಿಗಿದುಕೊಂಡು ಕೂತ ಫೋಟೊ ತಂದರೆ ವಾಪಸು ಕಳಿಸುತ್ತೇನೆ. ಮುಂದಿನ ಎರಡು ಹಲ್ಲಿನ ನಡುವೆ ಸಂದು ಇತ್ತೋ, ಒಂದರ ಮೇಲೊಂದು ಹತ್ತಿ ಕೂತಿತ್ತೋ, ಕೋರೆಹಲ್ಲು ಎಷ್ಟು ಚಾಚಿತ್ತೋ ಗೊತ್ತಾಗದೆ ಜೋಡಿಸಿದರೆ ಬಾಯಿ ಬಾಯಿಯ ಹಾಗೆ ಕಾಣುವುದಿಲ್ಲ. ಎಲ್ಲರೂ ಬಂದು 'ಸಾಲಾಗಿ, ಬೆಳ್ಳಗೆ ಮಾಡಿಕೊಡಿ' ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ, ಆಮೇಲೆ ಅವರವರ ಸೊಟ್ಟವನ್ನು ಅವರವರಿಗೇ ವಾಪಸು ಕೊಡುತ್ತೇನೆ. ಕನ್ನಡಿ ನೋಡಿಕೊಂಡು ಖುಷಿಗೆ ಅತ್ತವರಿದ್ದಾರೆ. ಬೈದವರು ಕಡಿಮೆ.

ಈ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಡಾಕ್ಟ್ರಮ್ಮನ ಕ್ಲಿನಿಕ್ಕಿನ ಹಿಂದೆ ಎರಡು ಕೋಣೆಗಳು, ಅದೇ ನಮ್ಮ ಲ್ಯಾಬು. ಮೊದಲ ಕೋಣೆಯಲ್ಲಿ ನಾನು, ಮೇಣ ಕರಗಿಸುವ ದೀಪ, ಕಿರುಬೆರಳಿನಷ್ಟು ಸಣ್ಣ ಚಾಕುಗಳು, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರವರ ಬಾಯಿಗಳು, ಅಂದರೆ ಪ್ಲಾಸ್ಟರಿನ ಅಚ್ಚುಗಳು. ಎರಡನೆಯ ಕೋಣೆಯಲ್ಲಿ ಮೋಟಾರು, ಮೋಟಾರಿನ ಮುಂದೆ ಪಾಲಿಶಣ್ಣ. ಅವನ ಪಾಲಿಶೆಲ್ಲ ಹಲ್ಲಿಗೇ ಖರ್ಚಾಗಿ ಮಾತಿಗೆ ಒಂದಿಷ್ಟೂ ಉಳಿದಿಲ್ಲ.

ಈಗ ಇಷ್ಟು ಹೆಮ್ಮೆಯಿಂದ ಹೇಳುತ್ತಿದ್ದೇನಲ್ಲ, ಹನ್ನೊಂದು ವರ್ಷ ಇದನ್ನು ಬಚ್ಚಿಟ್ಟಿದ್ದೆ. ಯಾರಿಂದ ಅಂದರೆ, ಮೇಷ್ಟ್ರ ಶೆಡ್ಡಿಗೆ ಬರುವ ಜನರಿಂದ.

ಮೇಷ್ಟ್ರು ಶಿಲ್ಪಿ. ಲೈಬ್ರರಿಯ ಮುಂದೆ ಕಲ್ಲಿನ ಹೆಂಗಸೊಬ್ಬಳು ಒಂದು ಮೊಣಕಾಲು ಕೊಂಚ ಮಡಿಸಿ, ಕತ್ತು ಓರೆ ಮಾಡಿ ನಿಂತಿದ್ದಾಳಲ್ಲ, ಅದನ್ನು ಮಾಡಿದವರು ಅವರೇ. ಅವರ ಮನೆಯ ಹಿತ್ತಿಲಲ್ಲಿ ತಗಡಿನ ಶೆಡ್ಡು. ವಾರಕ್ಕೆ ಮೂರು ಸಂಜೆ ಹತ್ತು ಹನ್ನೆರಡು ಜನ ಅಲ್ಲಿ ಸೇರುತ್ತಿದ್ದೆವು. 'ನಾನು ಕಲ್ಲಿನಿಂದ ಬಂದವನು' ಅನ್ನುವುದು ಅವರ ಮಾತು. ಹದಿನಾರನೆಯ ವಯಸ್ಸಿನಲ್ಲಿ ಉಳಿ ಹಿಡಿದದ್ದು, ಕಲ್ಲು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲವಂತೆ. ಆ ಮಾತು ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು, ನಾವೂ ನೋಡುತ್ತಿದ್ದೆವು. ನಾನು ಸೇರಿದ ವಾರವೇ ಕರೆದು, "ಹಲ್ಲಿನ ಕೆಲಸ ಅಂತ ಇಲ್ಲಿ ಯಾರಿಗೂ ಹೇಳ್ಬೇಡ. ಹಗುರವಾಗಿ ನೋಡ್ತಾರೆ," ಅಂದರು. ಆವತ್ತಿನಿಂದ ಯಾರು ಕೇಳಿದರೂ ಆಫೀಸು ಅನ್ನುತ್ತಿದ್ದೆ. ಯಾವ ಆಫೀಸು ಅಂತ ಯಾರೂ ಕೇಳಲಿಲ್ಲ, ನನ್ನ ಮುಖ ನೋಡಿದರೆ ಆಫೀಸು ಅಂತ ನಂಬುವ ಹಾಗೇ ಇದೆ.

ಆದರೆ ನನಗೆ ಏನಾದರೂ ಹೊಳೆದರೆ ಅದು ಹಲ್ಲಿನಿಂದಲೇ ಹೊಳೆಯುತ್ತಿತ್ತು. ಏನು ಮಾಡಲಿ.

ಮೊದಲು ಶುರುವಾದದ್ದು ಅಕ್ಕನಿಂದ. ಅಕ್ಕ ಬಟ್ಟೆ ಹೊಲಿಯುತ್ತಾಳೆ. ಅಕ್ಕ ತಂಗಿ ಇಬ್ಬರೂ ಒಂದೇ ಮನೆಯಲ್ಲಿರುವುದು. ಅವಳ ಮಿಷನ್ನಿನ ಪಕ್ಕದಲ್ಲಿ ಕತ್ತರಿ ಇರುತ್ತದೆ, ಆದರೂ ದಾರವನ್ನು ಹಲ್ಲಿನಲ್ಲೇ ಕಚ್ಚಿ ಹರಿಯುವುದು. ಮೂವತ್ತು ವರ್ಷ ಹರಿದೂ ಹರಿದೂ ಮುಂದಿನ ಹಲ್ಲಿನಲ್ಲಿ ದಾರದಷ್ಟೇ ಅಗಲದ ಕಚ್ಚು ಬಿದ್ದಿದೆ. ಒಮ್ಮೆ ಅವಳ ದವಡೆ ಹಲ್ಲಿಗೆ ಕ್ಯಾಪ್ ಹಾಕಲು ಅಚ್ಚು ತೆಗೆದೆವು. ಕೆಲಸ ಮುಗಿದ ಮೇಲೆ ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟು ಸುಮ್ಮನೆ ಅದರ ಸುತ್ತ ಮಣ್ಣು ಮೆತ್ತಿದೆ. ಕಚ್ಚುವಾಗ ತುಟಿ ಎಲ್ಲಿ ಮಡಚುತ್ತದೆ ಅನ್ನುವುದು ಹಲ್ಲು ನೋಡಿದರೆ ಗೊತ್ತಾಗುತ್ತದೆ. ತುಟಿ ಗೊತ್ತಾದರೆ ಕೆನ್ನೆ, ಕೆನ್ನೆ ಗೊತ್ತಾದರೆ ಕಣ್ಣು. ಎರಡು ವಾರದಲ್ಲಿ ಅಕ್ಕ ಮೇಜಿನ ಮೇಲೆ ಕೂತಿದ್ದಳು, ಸೂಜಿಯ ಕಣ್ಣಿಗೆ ದಾರ ಪೋಣಿಸುವಾಗಿನ ಅದೇ ಸಿಡುಕು ಮುಖ ಹೊತ್ತುಕೊಂಡು.

"ನಾನೇನು ಹೀಗೆ ಗಂಟು ಮುಖ ಹಾಕ್ಕೊಂಡಿರ್ತೀನಾ?" ಅಂದಳು ಅಕ್ಕ.

"ಹೂಂ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

ಆಮೇಲೆ ನಿಲ್ಲಲಿಲ್ಲ. ಲ್ಯಾಬಿನಲ್ಲಿ ಐದು ವರ್ಷ ದಾಟಿದ ಅಚ್ಚುಗಳನ್ನು ಕಸಕ್ಕೆ ಹಾಕುತ್ತೇವೆ, ಅದರಲ್ಲಿ ಹೆಸರು ಅಳಿಸಿಹೋದವನ್ನು ಆರಿಸಿ ತರುತ್ತಿದ್ದೆ. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಚಪ್ಪಟೆ ಮಾಡಿಕೊಂಡವನು, ಒಂದೇ ಕಡೆಯಿಂದ ಅಗಿಯುತ್ತಿದ್ದ ಹೆಂಗಸು, ಸೀಟಿ ಕಚ್ಚಿಕೊಂಡೇ ಜೀವನ ಕಳೆದ ಕಂಡಕ್ಟರು. ಅವರು ಯಾರೋ ನನಗೆ ಗೊತ್ತಿಲ್ಲ, ಆದರೆ ಬಾಯಿಯ ಒಳಗಿನಿಂದ ಗೊತ್ತು. ಲ್ಯಾಬಿನಲ್ಲಿ ಕೂತಿದ್ದಾಗ ಸಂಜೆ ಯಾವಾಗ ಆಗುತ್ತದೋ ಅಂತ ಕೈ ತುರಿಸುತ್ತಿತ್ತು. ಐದು ವರ್ಷದಲ್ಲಿ ಹದಿನೇಳು ತಲೆಗಳಾದವು. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ನಾನು ಇದ್ದದ್ದಿಲ್ಲ.

ಮೇಷ್ಟ್ರಿಗೆ ತೋರಿಸಬೇಕು ಅನ್ನಿಸಿತು. ತೋರಿಸದೆ ಇರುವುದು ಕಳ್ಳತನದ ಹಾಗೆ ಕಾಣುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ಹೊತ್ತುಕೊಂಡು ಹೋಗಿ ಶೆಡ್ಡಿನ ನೆಲದ ಮೇಲೆ ಸಾಲಾಗಿ ಇಟ್ಟೆ. ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ತಿರುಗಿಸಿ ನೋಡಿದರು. ಸುಮಾರು ಒಂದು ಗಂಟೆ. ಕೊನೆಗೆ ಎದ್ದು, ಮೊಣಕಾಲು ಒರೆಸಿಕೊಂಡು, "ಇದು ಕಸುಬಿನ ಕೈ. ಕಲೆಯ ಕೈ ಅಲ್ಲ," ಅಂದರು.

ನಾನು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಎರಡೂ ಒಟ್ಟಿಗೆ ಇರೋಕಾಗಲ್ಲ. ಇವು ಕಣ್ಣ ಮುಂದೆ ಇರೋವರೆಗೂ ನೀನು ಮುಂದೆ ಹೋಗಲ್ಲ. ನೀನೇ ಒಡೀಬೇಕು. ನಾನು ಒಡೆದ್ರೆ ಅದು ಸಿಟ್ಟು, ನೀನು ಒಡೆದ್ರೆ ಅದು ಬಿಡುಗಡೆ."

ಸುತ್ತಿಗೆಯನ್ನು ಅವರೇ ತಂದು ಕೊಟ್ಟರು. ಹದಿನೇಳನ್ನೂ ಒಡೆದೆ. ಅಕ್ಕನದು ಕೊನೆಯದಾಗಿತ್ತು, ಅದಕ್ಕೆ ಎರಡು ಏಟು ಬೇಕಾಯಿತು. ಮುಗಿದ ಮೇಲೆ ಮೇಷ್ಟ್ರು ನನ್ನ ತಲೆಯ ಮೇಲೆ ಕೈಯಿಟ್ಟರು. ನನಗೆ ಅಳು ಬಂತು, ಅದನ್ನು ನಾನು ಬಿಡುಗಡೆ ಅಂದುಕೊಂಡೆ. ಅಷ್ಟು ದಡ್ಡಿ.

ಮನೆಗೆ ಬಂದು ಹೇಳಿದಾಗ ಅಕ್ಕ ಮಿಷನ್ ನಿಲ್ಲಿಸಿದಳು. "ನನ್ನದನ್ನೂ ಒಡೆದ್ಯಾ?"

"ಹೂಂ."

"ಕೇಳಬಹುದಿತ್ತಲ್ಲ ನನ್ನ. ನನ್ನ ಮುಖ ಅಲ್ವಾ ಅದು." ಅಷ್ಟು ಹೇಳಿ ಮತ್ತೆ ಹೊಲಿಯತೊಡಗಿದಳು. ಆ ವಿಷಯ ಅವಳು ಮತ್ತೆ ಎತ್ತಲಿಲ್ಲ, ಆದರೆ ಮೇಷ್ಟ್ರ ಹೆಸರು ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದಳು.

ಆಮೇಲಿನ ಆರು ವರ್ಷ ನಾನು ಮಾಡಿದ್ದು ದೊಡ್ಡ ದೊಡ್ಡ ಬೂದು ಬಣ್ಣದ ಮುದ್ದೆಗಳು. ಮೇಷ್ಟ್ರು 'ಖಾಲಿಯಾಗು, ಖಾಲಿಯಾಗು' ಅನ್ನುತ್ತಿದ್ದರು. ಖಾಲಿಯಾದೆ. ತೊಳೆದು ಕವುಚಿಟ್ಟ ಪಾತ್ರೆಯ ಹಾಗೆ ಆದೆ. ಏನೂ ಹೊಳೆಯುತ್ತಿರಲಿಲ್ಲ. ಮಣ್ಣಿನ ಮುಂದೆ ಕೂತು ಗಡಿಯಾರ ನೋಡುತ್ತಿದ್ದೆ. ಮೇಷ್ಟ್ರು ಬಂದು, "ಈಗ ದಾರಿಗೆ ಬರ್ತಿದ್ದೀಯ," ಅನ್ನುತ್ತಿದ್ದರು. ಅವರು ಹಾಗಂದರೆ ನಾಲ್ಕು ದಿನ ಸಮಾಧಾನ, ಐದನೆಯ ದಿನ ಮತ್ತೆ ಅದೇ ಗಡಿಯಾರ. ಲ್ಯಾಬಿನಲ್ಲೂ ಕಸಕ್ಕೆ ಹೋಗುವ ಅಚ್ಚುಗಳ ಕಡೆ ನೋಡದೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಕಂಡರೆ ಕೈ ತುರಿಸುತ್ತದೆ ಅನ್ನುವ ಭಯ.

ಹೀಗಿರುವಾಗ ಮೇಷ್ಟ್ರಿಗೆ ಎಪ್ಪತ್ತೈದು ತುಂಬುತ್ತದೆ, ಶಿಷ್ಯರೆಲ್ಲ ಸೇರಿ ಪ್ರದರ್ಶನ ಮಾಡಬೇಕು ಅಂತ ತೀರ್ಮಾನವಾಯಿತು. ಒಬ್ಬೊಬ್ಬರದು ಒಂದೊಂದು ಕೆಲಸ, ಪ್ರತಿಯೊಂದರ ಮುಂದೆ ನಿಂತು ಮೇಷ್ಟ್ರು ಎರಡು ಮಾತಾಡುವುದು. ಮಾತಾಡಬೇಕಾದರೆ ಹಲ್ಲು ಬೇಕಲ್ಲ. ಅವರ ಹಲ್ಲುಗಳಲ್ಲಿ ಕೆಲವು ಆಗಲೇ ಬಿದ್ದಿದ್ದವು, ಉಳಿದವು ಅಲ್ಲಾಡುತ್ತಿದ್ದವು. ಪ್ರದರ್ಶನಕ್ಕೆ ನಾಲ್ಕು ತಿಂಗಳು ಇದ್ದಾಗ ಅವರು ನಮ್ಮ ಕ್ಲಿನಿಕ್ಕಿಗೆ ಬಂದರು, ಜೊತೆಗೆ ಅವರ ಹೆಂಡತಿ. ಆಕೆಯನ್ನು ನಾವೆಲ್ಲ ಅಮ್ಮ ಅನ್ನುತ್ತೇವೆ.

"ಲ್ಯಾಬಲ್ಲಿ ನೀನಿದ್ದೀಯ ಅಂತಲೇ ಇಲ್ಲಿಗೆ ಬಂದೆ," ಅಂದರು ಮೇಷ್ಟ್ರು, ಧ್ವನಿ ತಗ್ಗಿಸಿ. "ಶೆಡ್ಡಿನವರಿಗೆ ಗೊತ್ತಾಗೋದು ಬೇಡ. ಸಾಲಾಗಿ, ಬೆಳ್ಳಗೆ ಇರಲಿ."

ನನಗೆ ಹೆಮ್ಮೆಯೇ ಆಯಿತು. ಸುಳ್ಳು ಯಾಕೆ ಹೇಳಲಿ. ಆವತ್ತು ಅವರು ಬೈದ ನನ್ನ ಕೈಯೇ ಇವತ್ತು ಅವರಿಗೆ ಬೇಕಾಯಿತು ಅನ್ನುವುದು ಆಗ ತಲೆಗೆ ಹೋಗಲಿಲ್ಲ.

ಹಲ್ಲು ಕೀಳುವ ಮುಂಚೆ ಡಾಕ್ಟ್ರಮ್ಮ ಅಚ್ಚು ತೆಗೆದು ಕೊಟ್ಟರು. ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಕೈಯಲ್ಲಿ ಹಿಡಿದು ನೋಡುತ್ತೇನೆ, ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಗುಂಡು ಕಚ್ಚು. ಅಕ್ಕನದರ ಹಾಗೆ ದಾರದ್ದಲ್ಲ, ಮೊಳೆಯದು. ಕುರ್ಚಿಗೆ ಮೆತ್ತೆ ಹೊಡೆಯುವವರ ಬಾಯಲ್ಲಿ, ಚಪ್ಪಲಿ ಹೊಲಿಯುವವರ ಬಾಯಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಸಣ್ಣ ಮೊಳೆಗಳನ್ನು ತುಟಿಯ ನಡುವೆ ಇಟ್ಟುಕೊಂಡು, ಒಂದೊಂದಾಗಿ ಹಲ್ಲಿಗೆ ತಂದುಕೊಂಡು ಹೊಡೆಯುವವರಿಗೆ ಹತ್ತು ಹದಿನೈದು ವರ್ಷದಲ್ಲಿ ಇದು ಬಿದ್ದೇ ಬೀಳುತ್ತದೆ. ಕಲ್ಲು ಕೆತ್ತುವವನಿಗೆ ಮೊಳೆಯ ಸಂಗ ಎಲ್ಲಿಂದ ಬಂತು?

ಪಾಲಿಶಣ್ಣನಿಗೆ ತೋರಿಸಿದೆ. "ಮೊಳೆ ಕಚ್ಚಿದ್ದಾನೆ ಮುದುಕ," ಅಂದ.

"ಅವರು ನಮ್ಮ ಮೇಷ್ಟ್ರು."

"ಹಾಗಾದ್ರೆ ಮೊಳೆ ಕಚ್ಚಿದ್ದಾರೆ ಮುದುಕರು." ಅವನು ಮೋಟಾರು ಹಾಕಿಕೊಂಡ.

ಹಲ್ಲು ಕಿತ್ತು, ಒಸಡು ಮಾಯಲು ಮೂರು ತಿಂಗಳು. ಆಮೇಲೆ ಎಂದಿನಂತೆ ಫೋಟೊ ಕೇಳಿದೆ. ಮೇಷ್ಟ್ರು, ಅಂಥದ್ದೊಂದೂ ಇಲ್ಲ, ಸುಮ್ಮನೆ ಸಾಲಾಗಿ ಮಾಡು ಅಂದರು. ಮಾರನೆಯ ದಿನ ಅಮ್ಮ ಒಬ್ಬರೇ ಲ್ಯಾಬಿನ ಬಾಗಿಲಿಗೆ ಬಂದು, ಕೈಚೀಲದಿಂದ ಒಂದು ಲಕೋಟೆ ತೆಗೆದರು.

"ಇವರಿಗೆ ಹೇಳ್ಬೇಡ. ಬಾಯಿಬಿಟ್ಟು ನಕ್ಕಿದ್ದು ಇದೊಂದೇ ಇರೋದು. ನಾನು ಬೀರುವಿನ ಕೆಳಗೆ ಇಟ್ಕೊಂಡಿದ್ದೆ."

ಫೋಟೊದಲ್ಲಿ ಮೂವತ್ತರ ಹುಡುಗ, ಕೊಳಕು ಏಪ್ರನ್ನು, ಕಣ್ಣು ಮುಚ್ಚಿಹೋಗುವಷ್ಟು ನಗು. ಮುಂದಿನ ಹಲ್ಲುಗಳ ನಡುವೆ ಸಂದು, ಎಡಗಡೆಯ ಕೋರೆ ಕೊಂಚ ಮುಂದೆ. ನಾನು ಹಲ್ಲು ನೋಡಿ ಆದ ಮೇಲೆ ಉಳಿದದ್ದನ್ನು ನೋಡಿದೆ. ಅವನ ತೋಳಲ್ಲಿ ಒಂದು ಬೋಳು ತಲೆಯ ಗೊಂಬೆ. ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸುತ್ತಾರಲ್ಲ, ಅಂಥದ್ದು. ಹಿಂದೆ ಇನ್ನೂ ಇಪ್ಪತ್ತು ಮೂವತ್ತು, ಕೆಲವಕ್ಕೆ ಕೈಯಿಲ್ಲ, ಕೆಲವಕ್ಕೆ ಬಣ್ಣವಿಲ್ಲ.

"ಇದೆಲ್ಲಿ ಅಮ್ಮ?"

"ಗೊಂಬೆ ಕಾರ್ಖಾನೆ. ಇಪ್ಪತ್ತಾರು ವರ್ಷ ಅಲ್ಲೇ ಇದ್ರು. ಇವರು ಮಾಡಿದ ಗೊಂಬೆ ನೋಡೋಕೆ ಅಂತಲೇ ಜನ ಅಂಗಡಿ ಮುಂದೆ ನಿಲ್ಲೋರು. ಕೂದಲು ಕೂರಿಸೋವಾಗ ಬಾಯಿ ತುಂಬ ಮೊಳೆ ಇಟ್ಕೊಳ್ಳೋರು, ಮಾತಾಡಿಸಿದ್ರೆ ಬರೀ ಹೂಂ, ಊಹೂಂ." ಅಮ್ಮ ನಕ್ಕರು. "ನಿಮಗೆಲ್ಲ ಹೇಳಿಲ್ವಾ ಇವರು?"

ನಾನು ಫೋಟೊವನ್ನು ದೀಪದ ಹತ್ತಿರ ಹಿಡಿದೆ. ಹುಡುಗನ ಹಿಂದೆ ಮೊದಲ ಸಾಲಿನಲ್ಲಿ ಒಂದು ಗೊಂಬೆ ಮೊಣಕಾಲು ಕೊಂಚ ಮಡಿಸಿ, ಕತ್ತು ಓರೆ ಮಾಡಿ ನಿಂತಿತ್ತು. ಲೈಬ್ರರಿಯ ಮುಂದೆ ದಿನಾ ನೋಡುವವಳೇ. ಕಲ್ಲಾಗುವ ಮುಂಚೆ ಅವಳು ಸೀರೆ ಅಂಗಡಿಯಲ್ಲಿ ನಿಂತಿದ್ದಳು.

ಅಮ್ಮ ಹೋದ ಮೇಲೆ ಆ ಫೋಟೊ ಮುಂದಿಟ್ಟುಕೊಂಡು ಕೂತೆ. ಗೊಂಬೆ ಮಾಡಿದ್ದು ತಪ್ಪಲ್ಲ. ಎಂಥ ಚೆಂದದ ಕೆಲಸ ಅದು. ಆ ಕೈಯನ್ನೇ ತಂದು ಕಲ್ಲಿಗೆ ಹಚ್ಚಿ ಇಡೀ ಊರಿನ ಕೈಲಿ ಸೈ ಅನ್ನಿಸಿಕೊಂಡ ಮನುಷ್ಯ, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಸುಬಿನ ಕೈ ಬೇರೆ ಕಲೆಯ ಕೈ ಬೇರೆ ಅಂದನಲ್ಲ. ನನ್ನ ಕಿವಿಯ ಮೇಲೆ ಹೂವಿಟ್ಟನಲ್ಲ. ಅವರನ್ನು ಏಕವಚನದಲ್ಲಿ ಬೈದದ್ದು ಅದೇ ಮೊದಲು, ಅದೂ ಮನಸ್ಸಿನಲ್ಲಿ.

ಆ ಸಂಜೆ ಫೋಟೊ ನೋಡುತ್ತಾ ಮೇಣದಲ್ಲಿ ಹಲ್ಲು ಜೋಡಿಸಿದೆ. ಬೇಕಂತಲೇ ಕೆಡಿಸಬಹುದಿತ್ತು. ಅರ್ಧ ಕೂದಲೆಳೆ ಹೆಚ್ಚುಕಡಿಮೆ ಮಾಡಿದರೆ ಸಾಕು, ಮಾತಾಡುವಾಗ ಶಿಳ್ಳೆ ಹೊರಡುತ್ತದೆ. ಮಾಡಲಿಲ್ಲ. ಸಂದು, ಕೋರೆ, ಮೊಳೆಯ ಕಚ್ಚು, ಎಲ್ಲ ಇದ್ದ ಹಾಗೇ ಇಟ್ಟೆ.

ಮೇಣದ ಸೆಟ್ಟನ್ನು ಬಾಯಿಗೆ ಹಾಕಿ ನೋಡುವ ದಿನ ಡಾಕ್ಟ್ರಮ್ಮ ನನ್ನನ್ನೂ ಒಳಗೆ ಕರೆದರು. ಹಾಕಿ, ಕಚ್ಚಿಸಿ, ಸರಿಯಾಗಿದೆ ಅಂತ ಹೇಳುವಷ್ಟರಲ್ಲಿ ಪಕ್ಕದ ಕೋಣೆಯಿಂದ ಯಾರೋ ಕರೆದರು. ಹೋದರು. ಕುರ್ಚಿಯಲ್ಲಿ ಮೇಷ್ಟ್ರು, ಪಕ್ಕದಲ್ಲಿ ನಾನು. ಏಪ್ರನ್ನಿನ ಜೇಬಿನಿಂದ ಫೋಟೊ ತೆಗೆದು ಅವರ ಕಣ್ಣ ಮುಂದೆ ಹಿಡಿದೆ.

ಮೇಷ್ಟ್ರು ಬಾಯಿ ತೆರೆದರು.

"ಮಾತಾಡ್ಬೇಡಿ, ಮೇಣ ಜಾರುತ್ತೆ," ಅಂದೆ. "ಕಚ್ಚಿಕೊಂಡೇ ಇರಿ. ಆರು ವರ್ಷ ನೀವು ಹೇಳಿದ್ದನ್ನ ನಾನು ಕೇಳಿದ್ದೀನಿ. ಇಪ್ಪತ್ತಾರು ವರ್ಷ ಗೊಂಬೆ ಮಾಡಿದವರು ನೀವು. ನನ್ನ ಕೈಲಿ ಯಾಕೆ ಒಡೆಸಿದ್ರಿ?"

ಅವರ ಕಣ್ಣು ಫೋಟೊದಿಂದ ನನ್ನ ಕಡೆಗೆ, ನನ್ನಿಂದ ಬಾಗಿಲ ಕಡೆಗೆ ಹೋಯಿತು. ಸೆಟ್ಟನ್ನು ಹೊರಗೆ ತೆಗೆದೆ. ಹಲ್ಲಿಲ್ಲದ ಬಾಯಿಯಲ್ಲಿ ಅವರ ಮಾತು ಮೆತ್ತಗಾಗಿತ್ತು.

"ಮೊದಲನೇ ಪ್ರದರ್ಶನದಲ್ಲಿ ಒಬ್ಬ ದೊಡ್ಡ ಮನುಷ್ಯ ಬಂದು ನೋಡಿ, 'ಚೆನ್ನಾಗಿದೆ, ರವಿಕೆ ಹಾಕೋದೊಂದು ಬಾಕಿ' ಅಂದ. ಎಲ್ಲರೂ ನಕ್ಕರು. ಆವತ್ತಿಂದ ನಾನು ಕಲ್ಲಿನವನಾದೆ. ನಿನಗೂ ಹಾಗೆ ಆಗಬಾರದು ಅಂತ..."

ಒಂದು ಗಳಿಗೆ ನನ್ನ ಮನಸ್ಸು ಕರಗಿತು. ಪಾಪ ಅನ್ನಿಸಿತು. ಮುದುಕರು, ಬರಿಬಾಯಿ, ಕತ್ತಿಗೆ ಕಟ್ಟಿದ ಬಟ್ಟೆಯ ಮೇಲೆ ಜೊಲ್ಲು. ಅಲ್ಲಿಗೇ ಬಿಡಬಹುದಿತ್ತು. ಆದರೆ ನನಗೆ ಒಂದು ತಿಳಿಯಲೇಬೇಕಿತ್ತು.

"ಅದು ಹಾಗಿರಲಿ. ನನ್ನವು ಕೆಟ್ಟದಾಗಿದ್ವಾ?"

ಮೇಷ್ಟ್ರು ಬಾಯಿ ತೊಳೆಯುವ ಲೋಟವನ್ನು ಎತ್ತಿಕೊಂಡರು, ಕುಡಿಯಲೂ ಇಲ್ಲ, ಉಗುಳಲೂ ಇಲ್ಲ.

"ಹೇಳಿ ಮೇಷ್ಟ್ರೇ."

"ಕೆಟ್ಟದಾಗಿದ್ರೆ ಯಾಕೆ ಒಡೆಸ್ತಿದ್ದೆ?" ಅಂದರು. "ಇಟ್ಕೋ ಅಂತಿದ್ದೆ."

ಡಾಕ್ಟ್ರಮ್ಮ ವಾಪಸು ಬಂದರು. ನಾನು ಸೆಟ್ಟು ತಗೊಂಡು ಲ್ಯಾಬಿಗೆ ಬಂದೆ.

ಮನೆಗೆ ಹೋಗಿ ಅಕ್ಕನ ಮುಂದೆ ಎಲ್ಲ ಹೇಳಿ ಅತ್ತೆ. ಹದಿನೇಳೂ ಚೆನ್ನಾಗಿದ್ದವು ಅಂತ ಆ ಶೆಡ್ಡಿನಲ್ಲಿ ಇಬ್ಬರಿಗೆ ಗೊತ್ತಿತ್ತು, ಅದರಲ್ಲಿ ಒಬ್ಬಳು ನಾನಾಗಿದ್ದೆ. ಅದಕ್ಕೇ ಹೆಚ್ಚು ಅಳು. ಅವರು ಹೇಳಿದರು ಸರಿ, ಎತ್ತಿದ ಕೈ ಯಾರದ್ದು? ಅಕ್ಕ ಮಿಷನ್ನಿನ ಮೇಲಿನ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, "ಅತ್ತದ್ದು ಸಾಕು. ಮೇಜು ಖಾಲಿ ಇದೆ," ಅಂದಳು.

ಮಾರನೆಯ ದಿನ ಮೇಷ್ಟ್ರ ಹಳೆಯ ಬಾಯಿಯ ಅಚ್ಚನ್ನು ಮನೆಗೆ ತಂದೆ. ಹಗೆ ತೀರಿಸಿಕೊಳ್ಳುವುದಕ್ಕೇ ತಂದದ್ದು. ಸುಳ್ಳುಬುರುಕನ ಮುಖ ಮಾಡುತ್ತೇನೆ, ಊರೆಲ್ಲ ನೋಡಲಿ ಅಂದುಕೊಂಡು ಮಣ್ಣು ಮೆತ್ತಿದೆ. ಆದರೆ ಹಲ್ಲು ಸುಳ್ಳು ಹೇಳುವುದಿಲ್ಲವಲ್ಲ. ಮೊಳೆಯ ಕಚ್ಚಿನ ಸುತ್ತ ತುಟಿ ಬಂತು, ತುಟಿ ಮೇಲೆದ್ದಿತು, ಕೆನ್ನೆ ಉಬ್ಬಿತು, ಕಣ್ಣು ಮುಚ್ಚಿಕೊಂಡವು. ನಾನು ಏನು ಮಾಡಿದರೂ ಅದು ನಗುತ್ತಿತ್ತು. ಗೊಂಬೆಯನ್ನು ತಬ್ಬಿಕೊಂಡ ಆ ಹುಡುಗ, ತನ್ನ ಕೆಲಸ ಕಂಡರೆ ನಾಚಿಕೆಪಡುವುದನ್ನು ಇನ್ನೂ ಕಲಿಯದವನು. ಎಂಟು ದಿನ ಲ್ಯಾಬಿನಿಂದ ಓಡೋಡಿ ಬರುತ್ತಿದ್ದೆ. ಕೈಗೆ ಪ್ರಾಣ ಬಂದಿತ್ತು. ಲ್ಯಾಬಿನ ಸಣ್ಣ ಚಾಕುಗಳನ್ನೇ ತಂದು ಬಳಸಿದೆ, ಅಲ್ಲಿಯ ಕೈ ಇಲ್ಲಿಯ ಕೈ ಅಂತ ನೋಡಲಿಲ್ಲ. ಆರು ವರ್ಷದ ಮೇಲೆ ಮಾಡಿದ ಮೊದಲ ಒಳ್ಳೆಯ ಕೆಲಸ ಆ ಮನುಷ್ಯನ ಬಾಯಿಂದಲೇ ಬರಬೇಕಾಗಿತ್ತೇ ಅಂತ ಹಲ್ಲು ಕಡಿಯುತ್ತಲೇ ಮಾಡಿದೆ.

ನಡುವೆ ಸೆಟ್ಟು ಸಿದ್ಧವಾಗಿ ಮೇಷ್ಟ್ರ ಬಾಯಿಗೆ ಹೋಯಿತು. ಕನ್ನಡಿ ನೋಡಿಕೊಂಡು ಅವರು ಮುಖ ಸಿಂಡರಿಸಿದರಂತೆ. ಅಮ್ಮ, "ಇದೇ, ಇದೇ, ಇದನ್ನ ಬದಲಾಯಿಸಿದ್ರೆ ನೋಡಿ ಮತ್ತೆ," ಅಂದರಂತೆ. ಡಾಕ್ಟ್ರಮ್ಮ ಹೇಳಿದ್ದು. ನಾನು ಆ ದಿನ ಒಳಗೆ ಹೋಗಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಸಭಾಂಗಣದ ಕಾವಲುಗಾರನ ಸಹಾಯದಿಂದ ನನ್ನ ಬೂದು ಮುದ್ದೆಯನ್ನು ಸ್ಟ್ಯಾಂಡಿನಿಂದ ಇಳಿಸಿ ಮೂಲೆಗೆ ತಳ್ಳಿದೆ. ತಲೆಯನ್ನು ಅದರ ಜಾಗದಲ್ಲಿಟ್ಟೆ. ಸಂಜೆ ಐದಕ್ಕೆ ಜನ ಸೇರಿದರು, ನಲವತ್ತು ಐವತ್ತು ಮಂದಿ, ಒಬ್ಬ ಪತ್ರಿಕೆಯವನು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಒಂದೊಂದರ ಮುಂದೆ ನಿಂತು ಮಾತಾಡುತ್ತಾ ಬಂದರು. ಮಾತು ಸ್ಪಷ್ಟವಾಗಿತ್ತು. ಒಂದು ಶಿಳ್ಳೆ ಇಲ್ಲ, ಒಂದು ಜಾರಿಕೆ ಇಲ್ಲ. ಅದನ್ನು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಎಂಥ ಹುಚ್ಚಿ ನಾನು.

ನನ್ನದರ ಮುಂದೆ ಬಂದಾಗ ಮೊದಲು ಗುರುತು ಹಿಡಿದವರು ಅಮ್ಮ. "ಅಯ್ಯೋ," ಅಂದು ಕೈ ಚಾಚಿ ಅದರ ಕೆನ್ನೆ ಮುಟ್ಟಿದರು, ಕಣ್ಣಲ್ಲಿ ನೀರು. ಮೇಷ್ಟ್ರು ಅವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ತಲೆಯನ್ನು ನೋಡುತ್ತಾ ನಿಂತರು. ಬಹಳ ಹೊತ್ತು ನಿಂತರು. ಈಗ ಹೇಳುತ್ತಾರೆ ಅಂದುಕೊಂಡೆ. ಇದು ನಾನು, ನಾನು ಗೊಂಬೆ ಮಾಡುತ್ತಿದ್ದೆ ಅಂತ ಹೇಳಿಬಿಡುತ್ತಾರೆ, ಹೇಳಿದರೆ ಆ ಹದಿನೇಳನ್ನೂ ಮನ್ನಿಸಿಬಿಡುತ್ತೇನೆ ಅಂದುಕೊಂಡೆ. ಆ ಗಳಿಗೆ ನಾನು ಅವರನ್ನು ಇನ್ನೂ ಪ್ರೀತಿಸುತ್ತಿದ್ದೆ.

ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು ಜನರ ಕಡೆ ತಿರುಗಿದರು.

"ಇವಳಿಗೆ ಒಂದು ಕಸುಬು ಇದೆ. ನಿಮಗೆ ಯಾರಿಗೂ ಹೇಳಿಲ್ಲ, ನನಗೆ ಮಾತ್ರ ಗೊತ್ತು. ಆ ಕಸುಬಿನ ಕೈಯನ್ನ ಬಿಡಬೇಡ, ಅದನ್ನೇ ಕಲೆಗೆ ತಾ ಅಂತ ಹನ್ನೊಂದು ವರ್ಷದಿಂದ ನಾನು ಇವಳಿಗೆ ಹೇಳ್ತಾ ಬಂದೆ. ಇವತ್ತು ನನ್ನ ಮಾತು ನಡೆಸಿದ್ದಾಳೆ. ನಾನು ಕಲ್ಲಿನಿಂದ ಬಂದವನು, ನನಗೆ ಈ ಭಾಗ್ಯ ಇರಲಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ನಕ್ಕರು, ಸಂದು ಕಾಣುವ ಹಾಗೆ, ಕೋರೆ ಕಾಣುವ ಹಾಗೆ. ನಾನು ಜೋಡಿಸಿದ ಒಂದೊಂದು ಹಲ್ಲೂ ಆ ಸುಳ್ಳಿನ ಹಿಂದೆ ನೆಟ್ಟಗೆ ನಿಂತಿತ್ತು. ಆವತ್ತು ಹದಿನೇಳನ್ನು ಒಡೆಸಿ ತಗೊಂಡಿದ್ದರು, ಇವತ್ತು ಹದಿನೆಂಟನೆಯದನ್ನು ಹೊಗಳಿ ತಗೊಂಡರು.

ಪತ್ರಿಕೆಯವನು ಪುಸ್ತಕ ತೆರೆದ. "ಏನು ಕಸುಬು ಮೇಡಂ ನಿಮ್ಮದು?"

ಹೆಗಲ ಮೇಲಿನ ಕೈ ಕೊಂಚ ಒತ್ತಿತು. ಆಫೀಸು ಅನ್ನು ಅಂತ ಅದರ ಅರ್ಥವೋ ಏನೋ, ನನಗೆ ಗೊತ್ತಿಲ್ಲ.

"ಹಲ್ಲು ಮಾಡ್ತೀನಿ," ಅಂದೆ. ಎರಡು ಮೂರು ಜನ ನಕ್ಕರು. "ತಮಾಷೆ ಅಲ್ಲ. ಹಲ್ಲಿನ ಲ್ಯಾಬಲ್ಲಿ ಇಪ್ಪತ್ತೆರಡು ವರ್ಷ. ಈಗ ಮಾತಾಡಿದ್ರಲ್ಲ ಮೇಷ್ಟ್ರು, ಅವರ ಬಾಯಲ್ಲಿರೋದೂ ನಾನು ಮಾಡಿದ್ದೇ. ಈ ತಲೆಯಲ್ಲಿರೋದು ಅದೇ ಬಾಯಿ. ಬೇಕಾದ್ರೆ ಎರಡನ್ನೂ ನೋಡಿ."

ನೋಡಿದರು. ನಲವತ್ತು ಐವತ್ತು ಜನ ತಲೆಯನ್ನು ನೋಡಿ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ತುಟಿ ಮುಚ್ಚಿಕೊಂಡಿತು.

ಇಪ್ಪತ್ತೆರಡು ವರ್ಷದಲ್ಲಿ ಯಾರ ಬಾಯಿಯ ಗುಟ್ಟನ್ನೂ ನಾನು ಹೊರಗೆ ಹಾಕಿದವಳಲ್ಲ. ಗಂಡನಿಗೆ ತಿಳಿಯದ ಹಾಗೆ ಸ್ವಂತ ಹಲ್ಲೆಂದು ನಡೆಸಿಕೊಂಡು ಹೋದವರ ಸೆಟ್ಟೂ ನನ್ನ ಕೈಯಿಂದ ಹೋಗಿದೆ. ಆದ್ದರಿಂದ ನಾನು ಮಾಡಿದ್ದು ತಪ್ಪು, ಈಗಲೂ ತಪ್ಪೇ ಅನ್ನುತ್ತೇನೆ. ಗೊಂಬೆಯ ವಿಷಯ ಮಾತ್ರ ಎತ್ತಲಿಲ್ಲ. ಅದು ಅವರ ಬಾಯಿಂದ ಬರಬೇಕಾದದ್ದು.

ಜನ ಮೆಲ್ಲಗೆ ಮುಂದಿನ ಸ್ಟ್ಯಾಂಡಿನ ಕಡೆ ಸರಿದರು. ಅಮ್ಮ ತಲೆಯನ್ನು ಬಿಟ್ಟು ಹೋಗಲೊಲ್ಲದೆ ಕೊನೆಗೆ ಹೋದರು. ಮೇಷ್ಟ್ರು ನನ್ನ ಹತ್ತಿರವೇ ನಿಂತಿದ್ದರು. ತುಟಿ ಹೆಚ್ಚು ತೆರೆಯದೆ, ನನಗೊಬ್ಬಳಿಗೇ ಕೇಳುವ ಹಾಗೆ ಅಂದರು:

"ನಿನ್ನ ನಂಬಿ ಬಾಯಿ ತೆಗೆದಿದ್ದೆ."

"ನಿಮ್ಮ ನಂಬಿ ಸುತ್ತಿಗೆ ಎತ್ತಿದ್ದೆ ಮೇಷ್ಟ್ರೇ," ಅಂದೆ.

ಅವರು ಅಮ್ಮನ ಹಿಂದೆ ಹೋದರು. ಅಂದಿನಿಂದ ನಾನು ಆ ಶೆಡ್ಡಿಗೆ ಹೋಗಿಲ್ಲ, ಅವರೂ ಕರೆದಿಲ್ಲ. ಆವತ್ತು ಸಂಜೆ ಮಾತ್ರ ಸಭಾಂಗಣ ಮುಚ್ಚುವವರೆಗೂ ನಾನು ಮಾಡಿದ ತಲೆಯ ಪಕ್ಕದಲ್ಲೇ ನಿಂತಿದ್ದೆ. ಯಾರಾದರೂ ಬಂದು ಇದನ್ನು ಹೇಗೆ ಮಾಡಿದಿರಿ ಅಂತ ಕೇಳಿದರೆ, ಹಲ್ಲಿನಿಂದ ಶುರುಮಾಡಿ ಹೇಳೋಣ ಅಂತ.